ಗುಮ್ಮಟದೊಳಗಿನ ಆಕಾಶ, ಹೊಲದ ಮೇಲಿನ ಆಕಾಶ

ಓದುಗರ ಪ್ರಶ್ನೆಗಳಿಗೆ ಉತ್ತರಿಸುವ ಈ ಅಂಕಣಕ್ಕೆ ತಾರಾಲಯ ಮತ್ತು ವಿಜ್ಞಾನ ಕೇಂದ್ರಗಳ ಕುರಿತು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದಿರುವ ಪ್ರಶ್ನೆಗಳಲ್ಲಿ ಕೆಲವನ್ನು ಈ ಬಾರಿ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಾನು ಬೇಲೂರು ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ಕಳೆದ ವರ್ಷ ಮಕ್ಕಳನ್ನು ಬೆಂಗಳೂರಿನ ತಾರಾಲಯಕ್ಕೆ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಬೆರಗಾದರು. ಆದರೆ ತಿಂಗಳು ಕಳೆಯುವಷ್ಟರಲ್ಲಿ ಅವರಿಗೆ ನೆನಪಿದ್ದದ್ದು ಹಿಂದಕ್ಕೆ ವಾಲುವ ಕುರ್ಚಿ ಮತ್ತು ಕತ್ತಲೆ ಮಾತ್ರ. ಪೋಷಕರಿಂದ ಬಸ್ಸಿನ ಹಣ ಸಂಗ್ರಹಿಸಿ ಮಾಡುವ ಇಂಥ ಪ್ರವಾಸದಿಂದ ನಿಜವಾಗಿ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ಆದರೆ ಗುಮ್ಮಟದ ಕೆಳಗೆ ಒಂದು ಪ್ರದರ್ಶನ ನೋಡಿ ಬಂದ ಮಾತ್ರಕ್ಕೆ ಅದು ತಾನಾಗಿ ದಕ್ಕುವುದಿಲ್ಲ. 1923ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ವಸ್ತುಸಂಗ್ರಹಾಲಯದಲ್ಲಿ ಝೈಸ್ ಕಂಪನಿಯ ಪ್ರಕ್ಷೇಪಕವು ಮೊದಲ ಬಾರಿಗೆ ಗುಮ್ಮಟದ ಒಳಮೈಯಲ್ಲಿ ನಕ್ಷತ್ರಗಳನ್ನು ಮೂಡಿಸಿದಾಗ, ಅದರ ಹಿರಿಮೆ ಚಿತ್ರದ ಸೊಗಸಿನಲ್ಲಿರಲಿಲ್ಲ. ಒಂದು ರಾತ್ರಿಯ ಚಲನೆಯನ್ನು ಕೆಲವೇ ನಿಮಿಷಗಳಲ್ಲಿ ತೋರಿಸುವ ಶಕ್ತಿಯಲ್ಲಿತ್ತು. ಇಂದಿನ ತಾರಾಲಯವು ಊರನ್ನೂ ಬದಲಿಸಬಲ್ಲದು, ಕಾಲವನ್ನೂ ಬದಲಿಸಬಲ್ಲದು. ನಮ್ಮ ಅಂಗಳದಲ್ಲಿ ನಿಂತು ಮಾಡಲಾಗದ ಕೆಲಸಗಳು ಈ ಎರಡೇ. ಆದ್ದರಿಂದ ಅಲ್ಲಿ ನೋಡಬೇಕಾದದ್ದೂ ಇವೆರಡನ್ನೇ. ಕಪ್ಪುಕುಳಿ, ರಾಕೆಟ್ ಮುಂತಾದವುಗಳ ಸಿದ್ಧ ಚಲನಚಿತ್ರವನ್ನು ಗುಮ್ಮಟದ ಮೇಲೆ ನೋಡುವುದು ಸೊಗಸಾಗಿರುತ್ತದೆ, ನಿಜ. ಆದರೆ ಮಕ್ಕಳು ಅದನ್ನು ಸಿನಿಮಾ ನೋಡಿದಂತೆ ನೋಡಿ, ಸಿನಿಮಾ ಮರೆತಂತೆಯೇ ಮರೆಯುತ್ತಾರೆ.

ನನ್ನ ಸಲಹೆಯಂತೆ ಮುಂದಿನ ಪ್ರವಾಸಕ್ಕೆ ಒಂದು ವಾರ ಮೊದಲು ಮಕ್ಕಳು ತಮ್ಮೂರಿನಿಂದಲೇ ಧ್ರುವನಕ್ಷತ್ರವನ್ನು ಹುಡುಕಲಿ. ತೋಳನ್ನು ಪೂರ್ತಿ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಒಂದು ಊರಿನ ಅಕ್ಷಾಂಶ ಎಷ್ಟು ಡಿಗ್ರಿಯೋ ಅಲ್ಲಿ ಧ್ರುವನಕ್ಷತ್ರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ಬೇಲೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಉತ್ತರ ದಿಗಂತದಿಂದ ಒಂದು ಮುಷ್ಟಿ, ಅದರ ಮೇಲೆ ಎರಡು ಬೆರಳು ಅಳೆದರೆ ಧ್ರುವ ಅಲ್ಲಿರಬೇಕು. ತೋಟದ ಮರಗಳು ಅಡ್ಡ ಬರುವುದರಿಂದ ಕೆರೆ ಏರಿಯಂತಹ ಬಯಲು ಜಾಗವೇ ಇದಕ್ಕೆ ಸೂಕ್ತ. ಬಳಿಕ ತಾರಾಲಯದಲ್ಲಿ ಟಿಕೆಟ್ ಕಾಯ್ದಿರಿಸಲು ಫೋನ್ ಮಾಡುವಾಗಲೇ, ನಿರೂಪಕರು ಸ್ವತಃ ಮಾತನಾಡುತ್ತಾ ಆಕಾಶ ತೋರಿಸುವ ಕನ್ನಡ ಕಾರ್ಯಕ್ರಮ ಇದೆಯೇ ಎಂದು ವಿಚಾರಿಸಿ. ಇದ್ದರೆ, ಮೊದಲು ಬೇಲೂರಿನ ಆಕಾಶವನ್ನು ತೋರಿಸಿ, ಅಲ್ಲಿಂದ ದೆಹಲಿಗೆ, ಅಲ್ಲಿಂದ ಉತ್ತರ ಧ್ರುವಕ್ಕೆ ಕೊಂಡೊಯ್ಯುವಂತೆ ಕೋರಿಕೊಳ್ಳಿ. ದೆಹಲಿಯಲ್ಲಿ ಧ್ರುವನಕ್ಷತ್ರ ಸುಮಾರು ಮೂರು ಮುಷ್ಟಿ ಎತ್ತರಕ್ಕೇರುತ್ತದೆ, ಉತ್ತರ ಧ್ರುವದಲ್ಲಿ ನೆತ್ತಿಯ ಮೇಲೆ ಬಂದು ನಿಲ್ಲುತ್ತದೆ, ಭೂಮಧ್ಯರೇಖೆಗೆ ಬಂದರೆ ದಿಗಂತಕ್ಕೆ ಇಳಿಯುತ್ತದೆ. ಭೂಮಿ ದುಂಡಗಿದೆ ಎಂಬ ಮಾತನ್ನು ಪುಸ್ತಕದಲ್ಲಿ ಓದಿದ್ದ ಹುಡುಗಿಯೊಬ್ಬಳು ಅದನ್ನು ತನ್ನದೇ ಮುಷ್ಟಿಯ ಅಳತೆಯಿಂದ ತಿಳಿದುಕೊಂಡರೆ, ಅವಳು ಕುರ್ಚಿಯನ್ನು ಮರೆತಾಳೇ ಹೊರತು ಅದನ್ನು ಮರೆಯಲಾರಳು.

ಊರಿಗೆ ಮರಳಿದ ಮೇಲೆ ಒಂದು ತಿಂಗಳು ಚಂದ್ರನನ್ನು ಗಮನಿಸಿ ಬರೆದಿಡುವ ಕೆಲಸ ಕೊಡಿ. ಚಂದ್ರನು ನಕ್ಷತ್ರಗಳ ನಡುವೆ ದಿನಕ್ಕೆ ಸುಮಾರು 13 ಡಿಗ್ರಿ, ಅಂದರೆ ಅದೇ ಒಂದು ಮುಷ್ಟಿ ಎರಡು ಬೆರಳಿನಷ್ಟು, ಪೂರ್ವಕ್ಕೆ ಸರಿಯುತ್ತಾನೆ.

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯವು 1989ರಿಂದ ಕಾರ್ಯನಿರ್ವಹಿಸುತ್ತಿದೆ. ಘಟ್ಟ ಇಳಿದರೆ ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ತಾರಾಲಯವಿದೆ. ಇವೆರಡಕ್ಕಿಂತಲೂ, ಗಾಳಿ ತುಂಬಿ ನಿಲ್ಲಿಸುವ ಗುಮ್ಮಟದ ಸಂಚಾರಿ ತಾರಾಲಯ ನಿಮ್ಮ ಶಾಲೆಗೇ ಬರುವಂತಿದ್ದರೆ ನಾನು ಅದನ್ನೇ ಆರಿಸುತ್ತೇನೆ. ಗುಮ್ಮಟ ಚಿಕ್ಕದು, ಮಕ್ಕಳು ಬಗ್ಗಿ ಒಳಹೋಗಿ ನೆಲದ ಮೇಲೆ ಕೂರಬೇಕು, ಚಿತ್ರವೂ ಅಷ್ಟು ಸ್ಪಷ್ಟವಿರುವುದಿಲ್ಲ. ಆದರೆ ಹಗಲು ಒಳಗೆ ನೋಡಿದ್ದನ್ನು ಅದೇ ಸಂಜೆ ಅದೇ ಶಾಲೆಯ ಮೈದಾನದಲ್ಲಿ ನಿಂತು ಗುರುತಿಸಬಹುದು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ನಿದ್ರಿಸುತ್ತಾ ಮರಳುವ ಮಕ್ಕಳಿಗೆ ಈ ಅವಕಾಶ ಸಿಗುವುದಿಲ್ಲ.

ಪ್ರಶ್ನೆ: ನಾನು ಅರಸೀಕೆರೆ ಕಡೆಯ ರೈತ. ಆರಿದ್ರಾ ಮಳೆ, ಪುಷ್ಯ ಮಳೆ ಎಂದು ಲೆಕ್ಕ ಹಾಕಿಯೇ ನಾವು ಬೇಸಾಯ ಮಾಡುತ್ತಾ ಬಂದವರು. ವಿಜ್ಞಾನ ಓದುವ ಮಗ, ನಕ್ಷತ್ರಕ್ಕೂ ಮಳೆಗೂ ಸಂಬಂಧವೇ ಇಲ್ಲ, ಅದೆಲ್ಲ ಮೂಢನಂಬಿಕೆ ಎನ್ನುತ್ತಾನೆ. ಯಾರ ಮಾತು ಸರಿ?

ಉತ್ತರ: ನಕ್ಷತ್ರ ಮಳೆ ಸುರಿಸುವುದಿಲ್ಲ ಎಂಬಷ್ಟರ ಮಟ್ಟಿಗೆ ನಿಮ್ಮ ಮಗನ ಮಾತು ಸರಿ, ಮೂಢನಂಬಿಕೆ ಎಂದದ್ದು ಸರಿಯಲ್ಲ. ನೀವು ಬಳಸುತ್ತಿರುವುದು ಒಂದು ಕ್ಯಾಲೆಂಡರ್, ಅದೂ ಆಕಾಶವನ್ನು ಕಣ್ಣಾರೆ ಕಂಡು ಕಟ್ಟಿದ ಕ್ಯಾಲೆಂಡರ್. ಸೂರ್ಯ ವರ್ಷದಲ್ಲಿ ಸಾಗುವ ದಾರಿಯನ್ನು 27 ನಕ್ಷತ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದರ ಪಾಲಿಗೆ 13 ಡಿಗ್ರಿಗಿಂತ ತುಸು ಹೆಚ್ಚು ಬರುತ್ತದೆ, ಅದನ್ನು ದಾಟಲು ಸೂರ್ಯನಿಗೆ 13 ಅಥವಾ 14 ದಿನ ಬೇಕು. ಜೂನ್ 22ರ ಆಸುಪಾಸಿನಲ್ಲಿ ಸೂರ್ಯ ಆರಿದ್ರಾ ಪ್ರವೇಶಿಸುತ್ತಾನೆ. ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಭುಜದಲ್ಲಿ ಕೆಂಪಗೆ ಹೊಳೆಯುವ ಆರಿದ್ರಾ ನಕ್ಷತ್ರವು ಆಗ ಸೂರ್ಯನ ದಿಕ್ಕಿನಲ್ಲೇ ಇರುವುದರಿಂದ, ಆರಿದ್ರಾ ಮಳೆ ಬರುವ ದಿನಗಳಲ್ಲಿ ಆ ನಕ್ಷತ್ರವೇ ಕಾಣುವುದಿಲ್ಲ! ಅದನ್ನು ನೋಡಬೇಕೆಂದರೆ ಡಿಸೆಂಬರ್ ಕೊನೆಯ ನಡುರಾತ್ರಿ ಹೊರಗೆ ಬನ್ನಿ, ನೆತ್ತಿಗೆ ತೀರ ಹತ್ತಿರದಲ್ಲಿರುತ್ತದೆ.

ತಾರಾಲಯದ ನಿಜವಾದ ಉಪಯೋಗ ಇಂತಹ ಕಡೆ ಕಾಣುತ್ತದೆ. ಅಲ್ಲಿ ಜೂನ್ ತಿಂಗಳ ನಡುಹಗಲನ್ನು ಮೂಡಿಸಿ, ಸೂರ್ಯನ ಬೆಳಕನ್ನಷ್ಟೇ ತೆಗೆದುಹಾಕಿ, ಅವನ ಬಳಿಯಿರುವ ನಕ್ಷತ್ರಗಳನ್ನು ತೋರಿಸಬಹುದು. ರೋಹಿಣಿಯಿಂದ ಮೃಗಶಿರಕ್ಕೆ, ಅಲ್ಲಿಂದ ಆರಿದ್ರಾಕ್ಕೆ ಸೂರ್ಯ ಸರಿಯುವುದನ್ನು ಕಂಡ ರೈತರಿಗೆ ಬೇರೆ ವಿವರಣೆಯ ಅಗತ್ಯವೇ ಬೀಳುವುದಿಲ್ಲ. ನಮ್ಮ ವಿಜ್ಞಾನ ಕೇಂದ್ರಗಳು ಹಳ್ಳಿಯವರಿಗಾಗಿ ಕಾರ್ಯಕ್ರಮ ರೂಪಿಸುವಾಗ ದೂರದ ಗ್ಯಾಲಕ್ಸಿಗಳಿಂದ ಆರಂಭಿಸುವ ಬದಲು ಇಲ್ಲಿಂದ ಆರಂಭಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಜನರಿಗೆ ಈಗಾಗಲೇ ಗೊತ್ತಿರುವುದನ್ನು ಗೌರವಿಸದೆ ಹೊಸದನ್ನು ಹೇಳಹೊರಟರೆ ಯಾರೂ ಕಿವಿಗೊಡುವುದಿಲ್ಲ.

ಇನ್ನು ಮಗನ ಪಾಲಿನ ಸತ್ಯ. ನಕ್ಷತ್ರವೇ ಮಳೆಗೆ ಕಾರಣವಾಗಿದ್ದರೆ ಆರಿದ್ರಾ ಮಳೆ ಸಕಲೇಶಪುರಕ್ಕೂ ಅರಸೀಕೆರೆಗೂ ಒಂದೇ ಸಮನೆ ಬೀಳಬೇಕಿತ್ತು. ಅರಬ್ಬೀ ಸಮುದ್ರದಿಂದ ಬರುವ ತೇವದ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣಿದು ಅಲ್ಲೇ ಸುರಿಯುತ್ತದೆ, ಘಟ್ಟದ ಮರೆಯಲ್ಲಿರುವ ನಿಮ್ಮ ಬಯಲುಸೀಮೆಗೆ ಉಳಿದಷ್ಟು ಮಾತ್ರ ತಲುಪುತ್ತದೆ. ಇನ್ನೊಂದು ವಿಷಯವೂ ಇದೆ. ಭೂಮಿಯ ಅಕ್ಷವು ಬಹಳ ನಿಧಾನವಾಗಿ ದಿಕ್ಕು ಬದಲಿಸುವುದರಿಂದ ಸೂರ್ಯ ಒಂದು ನಕ್ಷತ್ರವನ್ನು ತಲುಪುವ ದಿನ ಸುಮಾರು 72 ವರ್ಷಕ್ಕೊಂದು ದಿನದಂತೆ ಋತುವಿಗಿಂತ ಹಿಂದೆ ಬೀಳುತ್ತಾ ಹೋಗುತ್ತದೆ. ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠಾಪನೆಯಾದ 1117ರ ಕಾಲದಲ್ಲಿ, ಇಂದಿನ ಕ್ಯಾಲೆಂಡರ್ ಲೆಕ್ಕದಂತೆ, ಸೂರ್ಯ ಆರಿದ್ರಾ ಪ್ರವೇಶಿಸುತ್ತಿದ್ದದ್ದು ಜೂನ್ 10ರ ಸುಮಾರಿಗೆ. ಮುಂಗಾರು ಸೂರ್ಯನ ಉತ್ತರಾಯಣ ದಕ್ಷಿಣಾಯನಗಳ ಋತುಚಕ್ರವನ್ನು ಅನುಸರಿಸುತ್ತದೆ, ನಕ್ಷತ್ರವನ್ನಲ್ಲ. ತಂದೆ ಮಗ ಇಬ್ಬರೂ ಒಟ್ಟಿಗೆ ಕುಳಿತು ಈ ಲೆಕ್ಕ ಹಾಕಿ ನೋಡಿ.

ಪ್ರಶ್ನೆ: ಹಾಸನದ ಇಸ್ರೋ ಕೇಂದ್ರದ ದೊಡ್ಡ ಆಂಟೆನಾಗಳು ನಕ್ಷತ್ರಗಳನ್ನು ನೋಡುತ್ತವೆಯೇ? (ವಿದ್ಯಾರ್ಥಿ, ಹಾಸನ)

ಉತ್ತರ: ಇಲ್ಲ. 1982ರಲ್ಲಿ ಸ್ಥಾಪನೆಯಾದ ಆ ಮುಖ್ಯ ನಿಯಂತ್ರಣ ಕೇಂದ್ರವು ಭೂಮಿಯಿಂದ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಉಪಗ್ರಹಗಳೊಂದಿಗೆ ಸಂಪರ್ಕದಲ್ಲಿದ್ದು ಅವುಗಳ ಕಕ್ಷೆಯನ್ನು ಸರಿಪಡಿಸುತ್ತಿರುತ್ತದೆ. ಆ ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿಯ ವೇಗಕ್ಕೆ ಹೊಂದಿಕೊಳ್ಳುವುದರಿಂದಲೇ ನಿಮ್ಮ ಮನೆಯ ಡಿಶ್ ಅನ್ನು ಒಮ್ಮೆ ಒಂದು ದಿಕ್ಕಿಗೆ ಬಿಗಿದರೆ ಮತ್ತೆ ತಿರುಗಿಸಬೇಕಿಲ್ಲ.

ಪ್ರಶ್ನೆ: ಗ್ರಹಣದ ದಿನ ಮಕ್ಕಳನ್ನು, ಗರ್ಭಿಣಿಯಾಗಿರುವ ಸೊಸೆಯನ್ನು ಹೊರಗೆ ಬಿಡಬಹುದೇ? (ಗೃಹಿಣಿ, ಕಡೂರು)

ಉತ್ತರ: ಬಿಡಬಹುದು, ಅಮ್ಮಾ. ಗ್ರಹಣದಲ್ಲಿ ಹೊಸ ಕಿರಣವೇನೂ ಹುಟ್ಟುವುದಿಲ್ಲ, ದಿನವೂ ಬರುವ ಬಿಸಿಲೇ ಕಡಿಮೆಯಾಗಿ ಬರುತ್ತದೆ. ಅಪಾಯವಿರುವುದು ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸುವುದರಲ್ಲಿ ಮಾತ್ರ, ಅದು ಗ್ರಹಣವಿಲ್ಲದ ದಿನವೂ ಅಪಾಯವೇ. 2019ರ ಡಿಸೆಂಬರ್ 26ರ ಬೆಳಿಗ್ಗೆ ನಮ್ಮ ಜಿಲ್ಲೆಗಳಲ್ಲಿ ಸೂರ್ಯನ ಬಹುಭಾಗ ಮುಚ್ಚಿದ್ದಾಗ, ಮರದ ನೆರಳಿನಲ್ಲಿ ಎಲೆಗಳ ಸಂದಿಯಿಂದ ಬಿದ್ದ ಪ್ರತಿಯೊಂದು ಬೆಳಕಿನ ಚುಕ್ಕೆಯೂ ಕುಡುಗೋಲಿನ ಆಕಾರ ತಳೆದಿತ್ತು. ಸೂರ್ಯನಿಗೆ ಬೆನ್ನು ಮಾಡಿ ನೆಲದ ಮೇಲೆ ನೋಡುವ ಆ ಸೊಬಗಿಗೆ ಯಾವ ಉಪಕರಣವೂ ಬೇಡ. ಊಟದ ವಿಷಯದಲ್ಲಿ ನಿಮ್ಮ ಮನೆಯ ಆಚಾರ ನಿಮಗೆ ಬಿಟ್ಟದ್ದು, ಆದರೆ ಗರ್ಭಿಣಿಯನ್ನು ಹಸಿದಿರಲು ಬಿಡಬೇಡಿ.

ಪ್ರಶ್ನೆ: ನಾವು ಚಿಕ್ಕಮಗಳೂರಿನ ಕಾಲೇಜು ವಿದ್ಯಾರ್ಥಿಗಳು. ಹಳ್ಳಿಗಳಲ್ಲಿ ಆಕಾಶ ವೀಕ್ಷಣೆ ಏರ್ಪಡಿಸುವ ಆಸೆಯಿದೆ, ದೂರದರ್ಶಕ ಕೊಳ್ಳುವಷ್ಟು ಹಣವಿಲ್ಲ. ಎಲ್ಲಿಂದ ಆರಂಭಿಸಬೇಕು?

ಉತ್ತರ: ಹಗಲಿನಿಂದ ಆರಂಭಿಸಿ. ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಎರಡು ಬಾರಿ, ಏಪ್ರಿಲ್ 25ರ ಮತ್ತು ಆಗಸ್ಟ್ 17ರ ಆಸುಪಾಸಿನಲ್ಲಿ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್‌ನಲ್ಲಿ ಮಲೆನಾಡಿನ ಮೋಡವನ್ನು ನಂಬುವಂತಿಲ್ಲ, ಏಪ್ರಿಲ್ ದಿನವನ್ನೇ ಇಟ್ಟುಕೊಳ್ಳಿ. ಶಾಲೆಯ ಅಂಗಳದಲ್ಲಿ ಮಟ್ಟವಾದ ಜಾಗದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನಿಲ್ಲಿಸಿ, ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಕೋಲು ನೆಟ್ಟಗಿದೆಯೇ ಎಂದು ನಾಲ್ಕೂ ಕಡೆಯಿಂದ ಪರೀಕ್ಷಿಸಿ. ಹನ್ನೊಂದೂವರೆಯಿಂದಲೇ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದ ಗುರುತು ಹಾಕುತ್ತಾ ಬನ್ನಿ. ನೆರಳು ಮಾಯವಾಗುವುದು ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 25 ನಿಮಿಷಕ್ಕೆ. ಏಕೆಂದರೆ ನಮ್ಮ ಗಡಿಯಾರಗಳು ಅನುಸರಿಸುವ 82.5 ಡಿಗ್ರಿ ರೇಖಾಂಶವು ಚಿಕ್ಕಮಗಳೂರಿನಿಂದ ಪೂರ್ವಕ್ಕೆ ಏಳು ಡಿಗ್ರಿಯಷ್ಟು ದೂರದಲ್ಲಿದೆ, ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ನಮ್ಮ ನಡುಹಗಲು ತಡವಾಗುತ್ತದೆ. ಹನ್ನೆರಡಕ್ಕೇ ಏಕಲ್ಲ ಎಂಬ ಪ್ರಶ್ನೆಯನ್ನು ಮಕ್ಕಳೇ ಎತ್ತುವವರೆಗೆ ಉತ್ತರ ಹೇಳಬೇಡಿ.

ರಾತ್ರಿಯ ಕಾರ್ಯಕ್ರಮಕ್ಕೆ ಜನವರಿಯಿಂದ ಮಾರ್ಚ್‌ವರೆಗಿನ ತಿಳಿಯಾದ ಆಕಾಶ ಒಳ್ಳೆಯದು. ಮುಳ್ಳಯ್ಯನಗಿರಿಗೆ ಹೋಗುವ ಅಗತ್ಯವಿಲ್ಲ, ಬೀದಿದೀಪ ಕಣ್ಣಿಗೆ ಬೀಳದ ಕಣ ಸಾಕು. ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಅಷ್ಟು ಹೊತ್ತು ಮೊಬೈಲ್ ಬೆಳಕು ಬೇಡವೆಂದು ಮೊದಲೇ ತಿಳಿಸಿ. ಯಾರಾದರೂ ಬೈನಾಕ್ಯುಲರ್ ಕೊಟ್ಟರೆ ಹುಣ್ಣಿಮೆಯ ಬದಲು ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಯಂದು ಚಂದ್ರನನ್ನು ತೋರಿಸಿ, ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಕುಳಿಗಳು ಎದ್ದು ಕಾಣುತ್ತವೆ. ಏಪ್ರಿಲ್‌ನ ಆ ನೆರಳಿನ ದಿನ ಮೋಡ ಕವಿದರೆ ನಿರಾಶರಾಗಬೇಡಿ, ಮರುದಿನ ಅದೇ ಹೊತ್ತಿಗೆ ಮಾಡಿ. ಒಂದು ದಿನದ ವ್ಯತ್ಯಾಸಕ್ಕೆ ಒಂದು ಮೀಟರ್ ಕೋಲಿನ ನೆರಳು ಸುಮಾರು 6 ಮಿಲಿಮೀಟರ್ ಮಾತ್ರ ಇರುತ್ತದೆ, ಕೋಲಿನ ದಪ್ಪಕ್ಕಿಂತಲೂ ಕಡಿಮೆ.