ಗುಂಡು ತಾಗಿದರೂ ಯುದ್ಧವಿಮಾನದ ಇಂಧನ ಟ್ಯಾಂಕ್ ಸೋರದಿರುವುದು ಹೇಗೆ?

ಟ್ಯಾಂಕಿನ ಗೋಡೆಯೇ ತೂತು ಮುಚ್ಚಿಕೊಳ್ಳುತ್ತದೆ ಮಾರಾಯ್ರೇ! ಅದೂ ನಮ್ಮ ಸುಳ್ಯ, ಬೆಳ್ತಂಗಡಿ ಕಡೆಯ ತೋಟಗಳಲ್ಲಿ ಸಿಗುವಂಥ ರಬ್ಬರಿನಿಂದ. ಒಳಗೆ ಇಂಧನಕ್ಕೆ ಜಗ್ಗದ ತೆಳು ಪದರ, ಹೊರಗೆ ಗಟ್ಟಿ ಹೊದಿಕೆ, ನಡುವೆ ಗಂಧಕ ಸೇರಿಸಿ ಕಾಯಿಸದ ಹಸಿ ರಬ್ಬರ್. ಗುಂಡು ತೂರಿದೊಡನೆ ಇಂಧನ ಆ ನಡುಪದರಕ್ಕೆ ತಾಗುತ್ತದೆ. ರಬ್ಬರ್ ಅದನ್ನು ಹೀರಿ, ಉಬ್ಬಿ, ತೂತನ್ನು ಒತ್ತಿ ಮುಚ್ಚುತ್ತದೆ.

ಮಂಗಳೂರಿನ ನಮ್ಮ ಮನೆ ಹತ್ತಿರದ ಗ್ಯಾರೇಜಿನಲ್ಲಿ ರಬ್ಬರ್ ಶೀಟಿನ ಚೂರೊಂದನ್ನು ಪೆಟ್ರೋಲಿನಲ್ಲಿ ಹಾಕಿಟ್ಟಿದ್ದೆ. ಮರುದಿನ ನೋಡಿದರೆ ಊದಿಕೊಂಡು, ಮೆತ್ತಗಾಗಿ ಬೆರಳಿಗೆ ಅಂಟುತ್ತಿತ್ತು.

ಎರಡನೇ ಮಹಾಯುದ್ಧದ ಆರಂಭದಲ್ಲಿ ಜಪಾನಿನ ಝೀರೋ ವಿಮಾನಗಳಿಗೆ ಈ ರಕ್ಷಣೆ ಇರಲಿಲ್ಲ. ಹಗುರವಾಗಿದ್ದವು ನಿಜ, ಆದರೆ ಗುಂಡು ಬಿದ್ದರೆ ಸುಲಭವಾಗಿ ಹೊತ್ತಿಕೊಳ್ಳುತ್ತಿದ್ದವು. ಪೈಲಟ್‌ಗಳ ಜೀವದ ಲೆಕ್ಕದಲ್ಲಿ ಅದು ತೀರಾ ದುಬಾರಿಯಾಯಿತು. ದೊಡ್ಡ ಫಿರಂಗಿ ಗುಂಡು ಹರಿದ ತೂತಿಗೆ ಮಾತ್ರ ಈ ಪದರ ಸಾಲದು.