ಸೋರ್ ಗ್ಯಾಸ್ ಲೈನಿಗೆ ನಮ್ಮ ಮಾಮೂಲಿ ವಾಲ್ವ್ ನಡೆಯುತ್ತಾ?

ಪ್ರಶ್ನೆ: ಸರ್, ಬೆಳಗಾವಿಲಿ ವಾಲ್ವ್ ಮಾಡೋ ಸಣ್ಣ ಯೂನಿಟ್‌ನಲ್ಲಿ ಡಿಸೈನ್ ನೋಡ್ಕೋತೀನಿ. ಗಲ್ಫ್‌ನಿಂದ ಗೇಟ್ ವಾಲ್ವ್‌ಗೆ ಎನ್‌ಕ್ವೈರಿ ಬಂದಿದೆ, ಪ್ರೆಶರ್ 70 ಬಾರ್, ಸೋರ್ ಗ್ಯಾಸ್, ಅಂದ್ರೆ ಅದರಲ್ಲಿ ಹೈಡ್ರೋಜನ್ ಸಲ್ಫೈಡ್ ಇದೆ, 200 ಪಿಪಿಎಂ (ಹತ್ತು ಲಕ್ಷಕ್ಕೆ 200 ಭಾಗ), ನೀರಿನಂಶನೂ ಇದೆ. ಡಬ್ಲ್ಯೂಸಿಬಿ (ಎರಕದ ಕಾರ್ಬನ್ ಸ್ಟೀಲ್) ಬಾಡಿ, ಗೇಟ್ ಎತ್ತಿಳಿಸೋ ಸ್ಟೆಮ್ 410 ಸ್ಟೇನ್‌ಲೆಸ್, ಬಿ7 (ಅಲಾಯ್ ಸ್ಟೀಲ್) ಸ್ಟಡ್ ಬೋಲ್ಟ್ ಸಾಕಾ? ಇಲ್ಲ ಪೂರ್ತಿ 316 ಸ್ಟೇನ್‌ಲೆಸ್ ಸ್ಟೀಲ್‌ಗೆ ಹೋಗ್ಬೇಕಾ? 200 ಪಿಪಿಎಂ ಕಮ್ಮಿನೇ ಅಲ್ವಾ?

ಉತ್ತರ: ಪಿಪಿಎಂ ನೋಡಿ ಸಮಾಧಾನ ಮಾಡ್ಕೋಬೇಡಿ, ಲೆಕ್ಕಕ್ಕೆ ಬರೋದು ಪಾರ್ಶಿಯಲ್ ಪ್ರೆಶರ್, ಅಂದ್ರೆ ಒಟ್ಟು ಪ್ರೆಶರ್‌ನಲ್ಲಿ ಆ ಒಂದು ಗ್ಯಾಸಿನ ಪಾಲು. 70 ಬಾರ್‌ಗೆ 200 ಪಿಪಿಎಂ ಅಂದ್ರೆ 1.4 ಕಿಲೋಪ್ಯಾಸ್ಕಲ್ ಆಯ್ತು, ಸೋರ್ ಗ್ಯಾಸ್‌ಗೆ ಬಳಸೋ ಲೋಹಗಳ ಸ್ಟ್ಯಾಂಡರ್ಡ್ ಐಎಸ್‌ಒ 15156, ಅಂದ್ರೆ ನೀವೆಲ್ಲ ನೇಸ್ ಎಂಆರ್0175 ಅಂತ ಕರೆಯೋದು, ಅದರ ಮಿತಿ 0.3 ಕಿಲೋಪ್ಯಾಸ್ಕಲ್. ನಾಲ್ಕು ಪಟ್ಟು ದಾಟಿದೀರ.

ಇಲ್ಲಿ ಭಯ ತುಕ್ಕಿಂದಲ್ಲ. ನೀರು ಇರೋ ಕಡೆ ಈ ಗ್ಯಾಸ್ ಉಕ್ಕಿನ ಮೇಲೆ ಹೈಡ್ರೋಜನ್ ಪರಮಾಣು ಬಿಡುತ್ತೆ, ಅವು ಜೋಡಿಯಾಗಿ ಗುಳ್ಳೆ ಆಗಿ ಹೊರಗೆ ಹೋಗೋದನ್ನ ಸಲ್ಫೈಡೇ ತಡೆಯುತ್ತೆ, ಹಾಗಾಗಿ ಲೋಹದ ಒಳಕ್ಕೇ ನುಗ್ತಾವೆ, ಗಟ್ಟಿ ಉಕ್ಕು ಒಂದಿಷ್ಟೂ ಸವೆಯದೆ ಪಟ್ ಅಂತ ಸೀಳುತ್ತೆ. ಕಜಾಕಿಸ್ತಾನದ ಕಶಗಾನ್ ತೈಲ ಕ್ಷೇತ್ರದಲ್ಲಿ 2013ರಲ್ಲಿ ಪ್ರೊಡಕ್ಷನ್ ಶುರು ಆಗಿ ಕೆಲವೇ ವಾರದಲ್ಲಿ ಪೈಪ್‌ಲೈನ್ ಬಿರುಕು ಬಿಟ್ಟಿದ್ದು ಇದರಿಂದಲೇ, ಪೈಪ್ ಬದಲಾಯಿಸಿ ಮತ್ತೆ ಶುರು ಮಾಡೋ ಹೊತ್ತಿಗೆ 2016.

ಡಬ್ಲ್ಯೂಸಿಬಿ ಬಾಡಿ ನಡೆಯುತ್ತೆ, ಹಾರ್ಡ್‌ನೆಸ್ 22 ಎಚ್‌ಆರ್‌ಸಿ (ಗಟ್ಟಿತನ ಅಳೆಯೋ ರಾಕ್‌ವೆಲ್ ಸಿ ಸ್ಕೇಲ್) ದಾಟಬಾರದು ಅಷ್ಟೇ. ಆದ್ರೆ ಕಾಸ್ಟಿಂಗ್‌ನಲ್ಲಿ ಹೋಲ್ ಬಿತ್ತು ಅಂತ ವೆಲ್ಡ್ ಹಾಕಿ ಮುಚ್ತಾರಲ್ಲ, ಅಲ್ಲೇ ಗಟ್ಟಿ ಆಗೋದು, ದಯವಿಟ್ಟು ಹೀಟ್ ಟ್ರೀಟ್‌ಮೆಂಟ್ ಬಿಡಬೇಡಿ. 410 ಸ್ಟೆಮ್‌ಗೂ ಅದೇ 22, ಎರಡು ಸಲ ಟೆಂಪರ್ (ಗಟ್ಟಿತನ ಇಳಿಸೋಕೆ ಮತ್ತೆ ಬಿಸಿ ಮಾಡೋದು) ಆಗಿರ್ಬೇಕು. ಮೇಲೆ ಕ್ರೋಮ್ ಪ್ಲೇಟಿಂಗ್ ಮಾಡಿಸಿದ್ರೆ ಕಾಪಾಡುತ್ತೆ ಅನ್ನೋದು ತಪ್ಪು.

ನನಗೆ ಜಾಸ್ತಿ ಚಿಂತೆ ನಿಮ್ಮ ಸ್ಟಡ್‌ದು. ಬಿ7 35 ಎಚ್‌ಆರ್‌ಸಿವರೆಗೂ ಬರುತ್ತೆ. ಹೊರಗಡೆ ಗಾಳಿಗೆ ತೆರೆದಿದ್ರೆ ಪರವಾಗಿಲ್ಲ, ಇನ್ಸುಲೇಶನ್ ಸುತ್ತಿದ್ರೆ ಅಥವಾ ಮಣ್ಣಲ್ಲಿ ಹೂತಿದ್ರೆ ಗ್ಯಾಸ್ಕೆಟ್‌ನಿಂದ ಜಿನುಗಿದ ಗ್ಯಾಸ್ ಅಲ್ಲೇ ನಿಂತು ಸ್ಟಡ್ ಸೀಳುತ್ತೆ. ಆಗ ಗಟ್ಟಿತನ ಕಮ್ಮಿ ಇರೋ ಗ್ರೇಡ್‌ಗಳಾದ ಬಿ7ಎಂ ಸ್ಟಡ್, 2ಎಚ್ಎಂ ನಟ್ ಹಾಕಿ, ಯೀಲ್ಡ್ (ಸ್ಟಡ್ ಶಾಶ್ವತವಾಗಿ ಹಿಗ್ಗೋಕೆ ಶುರುವಾಗೋ ಒತ್ತಡ) 105ರಿಂದ 80 ಕೆಎಸ್ಐಗೆ (ಚದರ ಇಂಚಿಗೆ ಸಾವಿರ ಪೌಂಡ್ ಲೆಕ್ಕ) ಇಳಿಯೋದ್ರಿಂದ ಬೋಲ್ಟಿಂಗ್ ಲೆಕ್ಕ ಮತ್ತೆ ಮಾಡ್ಲೇಬೇಕು.

316ಗೆ ಸುಮ್ನೆ ದುಡ್ಡು ಹಾಕಬೇಡಿ, ಕ್ಲೋರೈಡ್ ಜೊತೆಗೆ ಬಿಸಿ ಸೇರಿದ್ರೆ ಅದೂ ಬಿರುಕು ಬಿಡುತ್ತೆ. ಕೊಟೇಶನ್ ಕಳಿಸೋ ಮುಂಚೆ ಟೆಂಪರೇಚರ್, ಕ್ಲೋರೈಡ್, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ, ಇನ್ಸುಲೇಶನ್ ಇದೆಯಾ ಅಂತ ಗಿರಾಕಿ ಹತ್ರ ಬರಹದಲ್ಲೇ ಕೇಳಿ ಇಸ್ಕೊಳ್ಳಿ.