ಫೋನಿನ ಕಡ್ಡಿ ಎಣಿಸಿ ಬೂಸ್ಟರ್ ಕೊಳ್ಳಬೇಡಿ

ದಾವಣಗೆರೆ, ಚಿತ್ರದುರ್ಗ ಓದುಗರ ಮೊಬೈಲ್ ನೆಟ್‌ವರ್ಕ್ ಪ್ರಶ್ನೆಗಳಿಗೆ ತಜ್ಞರ ಉತ್ತರ

ಒಂದೇ ಪ್ರಶ್ನೆ ಬೇರೆ ಬೇರೆ ಊರಿನ ಹೆಸರಲ್ಲಿ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೆ ಈ ಸಲ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದವರು ಬೇಸರಿಸಬೇಡಿ.

ಪ್ರಶ್ನೆ: ಸಾರ್, ಚಿತ್ರದುರ್ಗದ ಕೋಟೆ ಕಡೆಗೆ ನಮ್ಮ ಮನೆ. ಎರಡು ಅಂತಸ್ತಿನ ಆರ್‌ಸಿಸಿ. ಟೆರೇಸಿನಲ್ಲಿ ನಾಲ್ಕು ಕಡ್ಡಿ ಸಿಗ್ನಲ್ ಇರುತ್ತೆ, ಕೆಳಗೆ ಅಡುಗೆಮನೆಯಲ್ಲಿ ಮಾತು ಅರ್ಧ ಕೇಳಲ್ಲ. ಅಂಗಡಿಯವರು 4,500 ರೂಪಾಯಿಗೆ ಸಿಗ್ನಲ್ ಹಿಗ್ಗಿಸುವ ಬೂಸ್ಟರ್ ಹಾಕಿಕೊಡ್ತೀವಿ ಅಂತಾರೆ. ಹಾಕಿಸಲಾ, ಇಲ್ಲ ಬೇರೆ ಕಂಪನಿಗೆ ಪೋರ್ಟ್ ಆಗಲಾ?

ಉತ್ತರ: ಬೂಸ್ಟರ್ ಬೇಡವೇ ಬೇಡ. ಪೋರ್ಟ್ ಆಮೇಲೆ ನೋಡೋಣ. ಮೊದಲು ಕಡ್ಡಿ ಎಣಿಸುವುದನ್ನು ಬಿಡಿ. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಂದೊಂದು ಫೋನ್ ಕಂಪನಿ ತನಗೆ ತೋಚಿದಂತೆ ಇಟ್ಟಿರುತ್ತದೆ. ನಿಮಗೆ ಬೇಕಾಗಿರುವುದು ಅಂಕಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ತೆರೆದರೆ ಡಿಬಿಎಂ, ಅಂದರೆ ಸಿಗ್ನಲ್ ಶಕ್ತಿಯ ಅಳತೆಯ ಲೆಕ್ಕದಲ್ಲಿ ಸಿಗುತ್ತದೆ. ಸ್ಯಾಮ್‌ಸಂಗ್ ಆದರೆ *#0011#, ಐಫೋನ್ ಆದರೆ *3001#12345#* ಒತ್ತಿ. ಬ್ಯಾಂಡ್, ಅಂದರೆ ಫೋನ್ ಯಾವ ಆವರ್ತನದ ಪಟ್ಟಿ ಹಿಡಿದಿದೆ ಎಂಬುದು ಕೂಡ ತಿಳಿಯಬೇಕಾದರೆ ನೆಟ್‌ಮಾನ್‌ಸ್ಟರ್ ಎಂಬ ಉಚಿತ ಆ್ಯಪ್ ಸಾಕು.

4ಜಿಯಲ್ಲಿ ಮೈನಸ್ 85ರ ಆಸುಪಾಸು ಚೆನ್ನಾಗಿದೆ ಎಂದರ್ಥ. ಮೈನಸ್ 100ಕ್ಕೆ ಹೇಗೋ ನಡೆಯುತ್ತದೆ, ಮೈನಸ್ 110 ದಾಟಿದರೆ ಮಾತು ತುಂಡಾಗುತ್ತದೆ, 120ಕ್ಕೆ ಮುಗಿಯಿತು. 3 ಡೆಸಿಬೆಲ್ ಇಳಿದರೆ ಶಕ್ತಿ ಅರ್ಧವಾಯಿತು, 10 ಇಳಿದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು. ಟೆರೇಸು, ಕಿಟಕಿ ಪಕ್ಕ, ಅಡುಗೆಮನೆ, ಮೂರೂ ಕಡೆ ಅರ್ಧ ನಿಮಿಷ ನಿಂತು ಬರೆದುಕೊಳ್ಳಿ. ನಡೆಯುತ್ತಾ ನೋಡಿದ ಅಂಕಿ ಲೆಕ್ಕಕ್ಕಿಲ್ಲ.

ಟೆರೇಸಿನಲ್ಲಿ ಮೈನಸ್ 85, ಅಡುಗೆಮನೆಯಲ್ಲಿ ಮೈನಸ್ 112 ಬಂತು ಅನ್ನಿ. ತಪ್ಪು ಟವರಿನದ್ದಲ್ಲ, ನಿಮ್ಮ ಸ್ಲ್ಯಾಬು, ಗೋಡೆಗಳದ್ದು. ಟೆರೇಸಿನಲ್ಲೇ ಮೈನಸ್ 110 ಇದ್ದರೆ ಟವರ್ ದೂರ, ಇಲ್ಲವೇ ನಡುವೆ ಬಂಡೆ. ನಿಮ್ಮೂರಿನ ಕಲ್ಲುಗುಡ್ಡಗಳ ಮರೆಯಲ್ಲಿ ಒಂದೇ ಬೀದಿಯ ಎರಡು ತುದಿಗೆ ಎರಡು ಅಂಕಿ ಬಂದರೆ ಆಶ್ಚರ್ಯವಿಲ್ಲ. ಇನ್ನು ಅಡುಗೆಮನೆಯಲ್ಲೂ ಮೈನಸ್ 80 ಇದ್ದು ಸಂಜೆ ಮಾತ್ರ ನೆಟ್ ಓಡದಿದ್ದರೆ ಅದು ಟವರ್ ಮೇಲಿನ ಜನಸಂದಣಿ. ಅದಕ್ಕೆ ಮನೆಯೊಳಗೆ ಏನು ತಂದಿಟ್ಟರೂ ಪ್ರಯೋಜನವಿಲ್ಲ.

ಈಗ ಆ ಬೂಸ್ಟರ್. ಡಬ್ಬದ ಮೇಲೆ 900/1800/2100 ಎಂದು ಬರೆದಿರುತ್ತದೆ, ಅಂದರೆ ಅದು ಹಿಗ್ಗಿಸುವುದು ಆ ಮೆಗಾಹರ್ಟ್ಸ್ ಬ್ಯಾಂಡ್‌ಗಳನ್ನಷ್ಟೇ. ಜಿಯೋ 4ಜಿ ನಡೆಯುವುದು 850, 1800, 2300 ಮೆಗಾಹರ್ಟ್ಸ್‌ನಲ್ಲಿ. ನಿಮ್ಮ ಫೋನ್ 850 ಅಥವಾ 2300 ಹಿಡಿದಿದ್ದರೆ ಡಬ್ಬ ದೀಪ ಉರಿಸಿಕೊಂಡು ಸುಮ್ಮನೆ ಕೂತಿರುತ್ತದೆ. ಬ್ಯಾಂಡ್ ಹೊಂದಿತು ಅಂದುಕೊಳ್ಳೋಣ. 70 ಡೆಸಿಬೆಲ್ ಹಿಗ್ಗಿಸುವ ಯಂತ್ರಕ್ಕೆ ಹೊರಗಿನ ಆಂಟೆನಾಗೂ ಒಳಗಿನ ಆಂಟೆನಾಗೂ ನಡುವೆ ಸುಮಾರು 85 ಡೆಸಿಬೆಲ್ ತಡೆ ಇರಬೇಕು. ಒಂದನ್ನು ಪ್ಯಾರಪೆಟ್‌ಗೆ ಕಟ್ಟಿ ಇನ್ನೊಂದನ್ನು ಅದರ ಕೆಳಗಿನ ಕೋಣೆಗೆ ನೇತುಹಾಕಿದರೆ ಅಷ್ಟು ತಡೆ ಎಲ್ಲಿಂದ ಬರಬೇಕು? ಸ್ಪೀಕರ್ ಮುಂದೆ ಮೈಕ್ ಹಿಡಿದಾಗ ಕೀಂ ಅನ್ನುತ್ತದಲ್ಲ, ಅದೇ ಇಲ್ಲೂ ಆಗುತ್ತದೆ, ನಿಮ್ಮ ಕಿವಿಗೆ ಕೇಳುವುದಿಲ್ಲ ಅಷ್ಟೆ. ಕೇಳುವುದು ಟವರಿಗೆ. 4ಜಿಯಲ್ಲಿ ಫೋನ್ ಹೊರಡಿಸುವ ಶಕ್ತಿ ಸಾಮಾನ್ಯವಾಗಿ ಹೆಚ್ಚೆಂದರೆ 200 ಮಿಲಿವ್ಯಾಟ್. ಟವರ್ ತಲುಪುವ ಹೊತ್ತಿಗೆ ಅದು ಅತಿ ಕ್ಷೀಣ. ಆ ಕ್ಷೀಣ ದನಿಗಳ ನಡುವೆ ನಿಮ್ಮ ಡಬ್ಬ ಅರಚಿದರೆ ಸುತ್ತಲಿನ ಬೀದಿಯವರ ಕರೆಗಳು ಕೆಡುತ್ತವೆ. ಹಾಗಾಗಿಯೇ ಅನುಮತಿಯಿಲ್ಲದೆ ಇಂಥ ಯಂತ್ರ ಇಟ್ಟುಕೊಳ್ಳುವುದೂ ಮಾರುವುದೂ ಕಾನೂನುಬಾಹಿರ. ದೂರಸಂಪರ್ಕ ಇಲಾಖೆಯವರು ಬಂದರೆ ಕಿತ್ತುಕೊಂಡು ಹೋಗುವುದು ನಿಮ್ಮ ಮನೆಯಿಂದ. ಮಾರಿದವನು ಆಗ ಫೋನ್ ಎತ್ತುವುದಿಲ್ಲ.

ಮಾಡಬೇಕಾದದ್ದು ವೈಫೈ ಕಾಲಿಂಗ್, ಅಂದರೆ ಕರೆ ಟವರಿನ ಬದಲು ವೈಫೈ ಮೂಲಕ ಹೋಗುವ ಏರ್ಪಾಡು. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ, ಕೇಬಲ್‌ನವರು ಕೊಟ್ಟದ್ದಾದರೂ ಸರಿ, ಸಿಮ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಕಾಲಿಂಗ್ ಆನ್ ಮಾಡಿ. ಕಂಪನಿಯೂ ಫೋನ್ ಮಾದರಿಯೂ ಒಪ್ಪಬೇಕು. ಏರ್‌ಟೆಲ್ 2019ರ ಡಿಸೆಂಬರಿನಲ್ಲಿ, ಜಿಯೋ 2020ರ ಜನವರಿಯಲ್ಲಿ ಇದನ್ನು ಶುರುಮಾಡಿದವು. ಬೇರೆ ಆ್ಯಪ್ ಬೇಡ, ಹೆಚ್ಚು ದುಡ್ಡಿಲ್ಲ, ಅದೇ ನಂಬರಿನಿಂದ ಕರೆ ಹೋಗುತ್ತದೆ. ‘ಆನ್ ಮಾಡಿದೆ, ಕೆಲಸ ಮಾಡಲಿಲ್ಲ’ ಎನ್ನುವವರ ತೊಂದರೆ ಬಹುತೇಕ ಒಂದೇ: ಫೋನ್ ಆ ಮೈನಸ್ 115ರ ಟವರನ್ನೇ ಬಿಡದೆ ಹಿಡಿದಿರುತ್ತದೆ. ‘ವೈಫೈ ಪ್ರಿಫರ್ಡ್’ ಆಯ್ಕೆ ಇದ್ದರೆ ಅದನ್ನು ಒತ್ತಿ. ಇಲ್ಲದಿದ್ದರೆ ಏರ್‌ಪ್ಲೇನ್ ಮೋಡ್‌ಗೆ ಹಾಕಿ ಮತ್ತೆ ವೈಫೈ ಮಾತ್ರ ಆನ್ ಮಾಡಿ. ಕರೆಂಟ್ ಹೋದಾಗ ರೂಟರ್ ಸಾಯದಂತೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇಡಿ. ಬೂಸ್ಟರ್ ದುಡ್ಡಿನಲ್ಲಿ ಅದನ್ನು ಕೊಂಡು ಚಿಲ್ಲರೆ ಉಳಿಯುತ್ತದೆ.

ಬ್ರಾಡ್‌ಬ್ಯಾಂಡ್ ಇಲ್ಲವೇ? ಡೇಟಾ ಇರುವ ಸಿಮ್ ಹಾಕಿದ ಹಳೇ ಫೋನೊಂದನ್ನು ಮೇಲಿನ ಅಂತಸ್ತಿನ ಕಿಟಕಿಯಲ್ಲಿ ಚಾರ್ಜರ್ ಸಮೇತ ಇಟ್ಟು ಹಾಟ್‌ಸ್ಪಾಟ್ ಆನ್ ಮಾಡಿ. 2.4 ಗಿಗಾಹರ್ಟ್ಸ್ ಆಯ್ದುಕೊಳ್ಳಿ, 5ಕ್ಕಿಂತ ಗೋಡೆ ದಾಟುವುದರಲ್ಲಿ ಅದು ಮೇಲು. ಬಿಸಿಲು ನೇರ ಬೀಳುವ ಕಿಟಕಿ ಬೇಡ, ಬ್ಯಾಟರಿ ಊದಿಕೊಳ್ಳುತ್ತದೆ. ಕೆಳಗಿನ ಫೋನ್ ಈ ಹಾಟ್‌ಸ್ಪಾಟ್ ಮೂಲಕವೇ ವೈಫೈ ಕಾಲಿಂಗ್ ಮಾಡುತ್ತದೆ.

ಟೆರೇಸಿನಲ್ಲೇ ಸಿಗ್ನಲ್ ಇಲ್ಲದವರು ಮಾತ್ರ ಪೋರ್ಟ್ ಯೋಚನೆ ಮಾಡಿ. ಅದಕ್ಕೂ ಮೊದಲು ಆ ಬೇರೆ ಕಂಪನಿಯ ಸಿಮ್ ಇರುವ ನೆಂಟರ ಫೋನ್ ತಂದು ಅದೇ ಮೂರು ಜಾಗದಲ್ಲಿ ಅಳೆಯಿರಿ. ಈಗಿನ ಕಂಪನಿಗೆ 198ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಪರಿಹಾರ ಸಿಗದಿದ್ದರೆ ಆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ಗೆ ಪತ್ರ ಬರೆಯುವವರೇ, ಟ್ರಾಯ್ ಒಬ್ಬೊಬ್ಬರ ದೂರು ವಿಚಾರಿಸುವುದಿಲ್ಲ.

ಪ್ರಶ್ನೆ: ಚನ್ನಗಿರಿ ಕಡೆ ಅಡಿಕೆ ತೋಟದ ಮನೆ. ಮಳೆಗಾಲದಲ್ಲಿ ನೆಟ್ ಪೂರ್ತಿ ನಿಂತುಹೋಗುತ್ತೆ.

ಉತ್ತರ: ಒದ್ದೆ ಸೋಗೆ ಸಿಗ್ನಲ್ ನುಂಗುತ್ತದೆ, 2300 ಮೆಗಾಹರ್ಟ್ಸನ್ನು ಹೆಚ್ಚು, 850ನ್ನು ಕಡಿಮೆ. ಹೊರ ಆಂಟೆನಾ ಜೋಡಿಸಬಹುದಾದ 4ಜಿ ರೂಟರ್ ತಂದು, ದಿಕ್ಕು ಹಿಡಿಯುವ ಆಂಟೆನಾವನ್ನು ಮರದ ತಲೆಗಿಂತ ಮೇಲೆ ಕಂಬಕ್ಕೆ ಕಟ್ಟಿ ಟವರ್ ಕಡೆಗೆ ತಿರುಗಿಸಿ. ಇದು ಬೂಸ್ಟರ್ ಅಲ್ಲ, ಕಾನೂನಿನ ತಕರಾರಿಲ್ಲ. ತೆಳು ಕೇಬಲ್‌ನಲ್ಲಿ ಮೀಟರಿಗೆ ಸುಮಾರು ಒಂದು ಡೆಸಿಬೆಲ್ ಹೋಗುತ್ತದೆ. 20 ಮೀಟರ್ ಎಳೆದರೆ ಆಂಟೆನಾ ತಂದ ಲಾಭವೆಲ್ಲ ಕೇಬಲ್ಲೇ ತಿಂದುಬಿಡುತ್ತದೆ. ರೂಟರನ್ನೇ ಕಂಬದ ಬುಡಕ್ಕೆ, ನೀರು ಬೀಳದ ಪೆಟ್ಟಿಗೆಯಲ್ಲಿ ಒಯ್ಯಿರಿ. ಸಿಡಿಲಿನ ಹೊತ್ತಿಗೆ ಪ್ಲಗ್ ತೆಗೆದಿಡಿ.

ಪ್ರಶ್ನೆ: ಬಿಎಸ್‌ಎನ್‌ಎಲ್ 4ಜಿ ಬಂದಿದೆ ಅಂತಾರೆ. ಜಗಳೂರಿನಲ್ಲಿ ನನ್ನ ಫೋನ್ ಮಾತ್ರ 2ಜಿ ತೋರಿಸುತ್ತೆ, ಪಕ್ಕದವರದ್ದು 4ಜಿ.

ಉತ್ತರ: ಸಿಮ್ ಹಳೆಯದಾದರೆ ಗ್ರಾಹಕ ಸೇವಾ ಕೇಂದ್ರದಲ್ಲಿ 4ಜಿ ಸಿಮ್‌ಗೆ ಬದಲಿಸಿಕೊಳ್ಳಿ. ಆಮೇಲೂ ಬಾರದಿದ್ದರೆ ಫೋನಿನ ಬ್ಯಾಂಡ್ ಪಟ್ಟಿ ನೋಡಿ. ಬಿಎಸ್‌ಎನ್‌ಎಲ್ 700 ಮೆಗಾಹರ್ಟ್ಸ್, ಅಂದರೆ ಬ್ಯಾಂಡ್ 28 ಬಳಸುತ್ತದೆ, ಜೊತೆಗೆ 2100ರ ಬ್ಯಾಂಡ್ 1. ಏಳೆಂಟು ವರ್ಷ ಹಳೆಯ ಎಷ್ಟೋ ಫೋನುಗಳಲ್ಲಿ 28 ಇಲ್ಲ. ಸ್ವದೇಶಿ ತಂತ್ರಜ್ಞಾನದ 4ಜಿ ಜಾಲ 2025ರ ಸೆಪ್ಟೆಂಬರ್ 27ರಂದು ಉದ್ಘಾಟನೆಯಾಯಿತು, ಸಂತೋಷ. ಅದರಿಂದ ಹಳೇ ಫೋನಿಗೆ ಹೊಸ ಬ್ಯಾಂಡ್ ಹುಟ್ಟುವುದಿಲ್ಲ. ಸಾಫ್ಟ್‌ವೇರ್ ಹಾಕಿ ಬರಿಸಿಕೊಡ್ತೀನಿ ಎನ್ನುವ ಅಂಗಡಿಯಿಂದ ಎದ್ದು ಬನ್ನಿ.

ಪ್ರಶ್ನೆ: ದಾವಣಗೆರೆಗೆ ಯಾವ ಕಂಪನಿ ಬೆಸ್ಟ್?

ಉತ್ತರ: ವಿದ್ಯಾನಗರ ಬಡಾವಣೆಗೆ ಕೊಟ್ಟ ಉತ್ತರ ಹಳೇ ಊರಿಗೆ ಹೊಂದುವುದಿಲ್ಲ. ಮೇಲೆ ಹೇಳಿದಂತೆ ಅಳೆಯಿರಿ.

ಪ್ರಶ್ನೆ: ಕೀಪ್ಯಾಡ್ ಫೋನಿಗೆ ಜಿಯೋ ಸಿಮ್ ಹಾಕಿದರೆ ನೆಟ್‌ವರ್ಕ್ ಬರಲ್ಲ.

ಉತ್ತರ: ಜಿಯೋಗೆ 2ಜಿ, 3ಜಿ ಮೊದಲಿನಿಂದಲೂ ಇಲ್ಲ. ವೋಲ್ಟಿ, ಅಂದರೆ 4ಜಿಯಲ್ಲೇ ಕರೆ ಮಾಡುವ ಸೌಲಭ್ಯ ಇರುವ 4ಜಿ ಕೀಪ್ಯಾಡ್ ಫೋನೇ ಬೇಕು.

ಪ್ರಶ್ನೆ: ಟವರ್ ವಿಕಿರಣಕ್ಕೆ ಫೋನಿನ ಹಿಂದೆ ಅಂಟಿಸುವ ಚಿಪ್ ಒಳ್ಳೆಯದಾ?

ಉತ್ತರ: ಅದು ಬಣ್ಣದ ಕಾಗದ. ನಿಜವಾಗಿ ಸಿಗ್ನಲ್ ತಡೆದರೆ ಫೋನ್ ಇನ್ನೂ ಜೋರಾಗಿ ಕೂಗಬೇಕಾಗುತ್ತದೆ. ಭಾರತದ ಟವರ್ ವಿಕಿರಣ ಮಿತಿ 2012ರ ಸೆಪ್ಟೆಂಬರಿನಿಂದ ಅಂತಾರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು. ಅನುಮಾನವಿದ್ದರೆ ಸರ್ಕಾರದ ತರಂಗ್ ಸಂಚಾರ್ ಪೋರ್ಟಲ್‌ನಲ್ಲಿ ಶುಲ್ಕ ಕಟ್ಟಿ ಅಳೆಸಿ.

ಪ್ರಶ್ನೆ: ಹೊಲದಲ್ಲಿ ಟವರ್ ಹಾಕಿ ತಿಂಗಳ ಬಾಡಿಗೆ ಕೊಡ್ತೀವಿ, ಮೊದಲು ಫೈಲ್ ಚಾರ್ಜ್ ಕಟ್ಟಿ ಎಂದು ಕರೆ ಬಂದಿದೆ.

ಉತ್ತರ: ಮೋಸ. ಕಟ್ಟಬೇಡಿ. ಕಟ್ಟಿದ್ದರೆ ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೂ ಪೋರ್ಟ್ ಕೋಡ್ ಬರುತ್ತಿಲ್ಲ.

ಉತ್ತರ: ಈಗಿನ ಕಂಪನಿಗೆ ಬಂದು 90 ದಿನ ಆಗಿರಬೇಕು, ಪೋಸ್ಟ್‌ಪೇಯ್ಡ್ ಬಾಕಿ ಇರಬಾರದು. ಕಳೆದುಹೋದ ಸಿಮ್ ಬದಲಿಸಿಕೊಂಡಿದ್ದರೆ ಏಳು ದಿನ ಕೋಡ್ ಕೊಡುವುದಿಲ್ಲ. 2024ರ ಜುಲೈನಿಂದ ಈ ನಿಯಮವಿದೆ, ನಿಮ್ಮ ನಂಬರ್ ಕದಿಯುವವರನ್ನು ತಡೆಯಲಿಕ್ಕೆ. ಕೋಡ್ ಬಂದ ಮೇಲೆ ನಮ್ಮ ಕಡೆ ಅದರ ಆಯಸ್ಸು ನಾಲ್ಕೇ ದಿನ. ಆಧಾರ್ ಹುಡುಕಿ ಎದುರಿಗಿಟ್ಟುಕೊಂಡ ಮೇಲೆ ಎಸ್ಸೆಮ್ಮೆಸ್ ಕಳಿಸಿ.